ಹೃದಯದ ಒಳಮಾತು ಮತ್ತು ಮನೆಯ ಮಾತ್ರೆ

ಮಾನವ ದೇಹದಲ್ಲಿ ಹಗಲಿರುಳು ಬಿಡುವಿಲ್ಲದೆ ದುಡಿಯುವ ಅಂಗವೆಂದರೆ ಹೃದಯ. ನಿಮಿಷಕ್ಕೆ 70 ಬಾರಿ ಎಂದು ಲೆಕ್ಕ ಹಾಕಿದರೂ ದಿನಕ್ಕೆ ಒಂದು ಲಕ್ಷ ಸಲ ಅದು ಬಡಿಯುತ್ತದೆ. ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆದು ನಾಲ್ಕು ಕೋಣೆಗಳನ್ನು ಗುರುತಿಸಿದರೆ ಪೂರ್ಣ ಅಂಕಗಳು ದೊರೆಯುತ್ತವೆ. ಆದರೆ ಪಾಠ ಅಲ್ಲಿಗೇ ನಿಲ್ಲಬಾರದೆಂಬುದು ನನ್ನ ಅಭಿಪ್ರಾಯ. ಹೃದಯದ ಜೀವಕೋಶಗಳ ಒಳಗೆ ನಡೆಯುವ ಮಾತುಕತೆಯನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ತಿಳಿದು ಮನೆಯಲ್ಲಿ ಹಿರಿಯರಿಗೆ ಹೇಳಬೇಕು.

ಜೀವಕೋಶಗಳ ಭಾಷೆ ರಾಸಾಯನಿಕ ವಸ್ತುಗಳ ಭಾಷೆ. ಇದು ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1882ರಲ್ಲಿ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಿಂದ ಪೋಷಿಸಿ ಪ್ರಯೋಗ ನಡೆಸುತ್ತಿದ್ದನು. ಹೃದಯ ಚೆನ್ನಾಗಿ ಬಡಿಯಿತು. ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಿಂದಲ್ಲ, ನಲ್ಲಿಯ ನೀರಿನಿಂದ ಮಾಡಲಾಗಿತ್ತೆಂದು ಆಮೇಲೆ ತಿಳಿಯಿತು. ಬಟ್ಟಿ ಇಳಿಸಿದ ನೀರನ್ನು ಬಳಸಿದಾಗ ಬಡಿತ ಬೇಗನೆ ಕುಂದಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣವೆಂದು ಅವನು 1883ರಲ್ಲಿ ಪ್ರಕಟಿಸಿದನು. ಇಂದು ಆಸ್ಪತ್ರೆಗಳಲ್ಲಿ ರೋಗಿಗೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿ ಅವನ ಹೆಸರು ಉಳಿದಿದೆ. ಗಡಸು ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರವಾಗಿ ನಿಲ್ಲುವುದರಲ್ಲಿಯೂ ಇದೇ ಕ್ಯಾಲ್ಸಿಯಂ ಇದೆ. ಗಡಸು ನೀರು ಕುಡಿದರೆ ಹೃದಯ ಗಟ್ಟಿಯಾಗುವುದೆಂದು ಮಾತ್ರ ಯಾರೂ ತಿಳಿಯಬಾರದು. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹ ತಾನೇ ಹತೋಟಿಯಲ್ಲಿಡುತ್ತದೆ.

ಇನ್ನು ಹೆದರಿದಾಗ ಎದೆ ಡವಗುಟ್ಟುವುದೇಕೆ? ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಹೃದಯದ ಕೋಶದೊಳಗೆ ಹೋಗುವುದಿಲ್ಲ. ಅಂಚೆಯವನು ಬಾಗಿಲಲ್ಲೇ ಕಾಗದ ಕೊಡುವಂತೆ, ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಗ ಒಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಎರಡನೆಯ ದೂತ ಹುಟ್ಟುತ್ತದೆ. ಅದು ಕಿಣ್ವಗಳನ್ನು ಎಚ್ಚರಿಸುತ್ತದೆ. ಕ್ಯಾಲ್ಸಿಯಂ ಹೆಚ್ಚಾಗಿ ಒಳಬರುತ್ತದೆ. ಹೃದಯ ವೇಗವಾಗಿ, ಬಲವಾಗಿ ಬಡಿಯುತ್ತದೆ. ಈ ದೂತನನ್ನು ಕಂಡುಹಿಡಿದ ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರ ನೊಬೆಲ್ ಬಹುಮಾನ ಬಂದಿತು.

ಆ ಬಾಗಿಲನ್ನೇ ಮುಚ್ಚಿ ಹೃದಯಕ್ಕೆ ವಿಶ್ರಾಂತಿ ಕೊಡಬಹುದಲ್ಲವೆ ಎಂದು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಯೋಚಿಸಿದರು. 1960ರ ದಶಕದಲ್ಲಿ ಅವರ ಪ್ರೊಪ್ರನೊಲಾಲ್ ಔಷಧಿ ಬಳಕೆಗೆ ಬಂದಿತು. 1988ರಲ್ಲಿ ಅವರಿಗೂ ನೊಬೆಲ್ ಸಂದಿತು. ಇಂದು ಅನೇಕ ಮನೆಗಳಲ್ಲಿ ಕಾಣುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ಇದೇ ಜಾತಿಯವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಮಾತ್ರೆಗಳನ್ನು ಬಹುಕಾಲ ಸೇವಿಸಿದಾಗ ಕೋಶವು ತನ್ನ ಹೊರಮೈಯಲ್ಲಿ ಇನ್ನಷ್ಟು ಗ್ರಾಹಕಗಳನ್ನು ತೆರೆಯುತ್ತದೆ. ಕೇಳದ ಮಾತನ್ನು ಕೇಳಲು ಕಿವಿ ಹೆಚ್ಚಿಸಿಕೊಂಡಂತೆ! ಅಂಥ ಸಮಯದಲ್ಲಿ "ಈಗ ಚೆನ್ನಾಗಿದ್ದೇನೆ, ಮಾತ್ರೆ ಯಾಕೆ?" ಎಂದು ಒಮ್ಮೆಲೇ ನಿಲ್ಲಿಸಿದರೆ ಅಡ್ರಿನಲಿನ್ನಿನ ಕೂಗು ಎಲ್ಲ ಕಿವಿಗಳಿಗೂ ಒಟ್ಟಿಗೆ ಬಡಿಯುತ್ತದೆ. ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಎದೆನೋವು, ಹೃದಯಾಘಾತವೂ ಆಗಬಹುದು. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದು ಮರೆತುಹೋಗುತ್ತದೆ. ನೆರೆಯವರಿಗೆ ಮಾತ್ರೆ ಎರವಲು ಕೊಡುವುದೂ ಅಷ್ಟೇ ಅಪಾಯ. ಉಬ್ಬಸವಿರುವವರಿಗೆ ಈ ಜಾತಿಯ ಮಾತ್ರೆಯಿಂದ ಉಸಿರೇ ಕಟ್ಟಬಹುದು.

ನಮ್ಮ ಸೋಮಂದೇಪಲ್ಲಿ ಭಾಗದ ಜನರಿಗೆ ಪುಟ್ಟಪರ್ತಿ ದೂರವಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ 1991ರಿಂದ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಿದ್ದಾರೆ. ಆದರೆ ಎಷ್ಟು ದೊಡ್ಡ ಆಸ್ಪತ್ರೆಯಾದರೂ ಪ್ರತಿದಿನ ನಮ್ಮ ಮನೆಗೆ ಬಂದು ಮಾತ್ರೆ ನುಂಗಿಸಲಾರದು. ಆ ಕೆಲಸ ಮನೆಯವರದು.

"ಇವೆಲ್ಲ ಕಾಲೇಜಿನ ವಿಷಯ, ಹೈಸ್ಕೂಲು ಮಕ್ಕಳಿಗೇಕೆ?" ಎಂದು ಕೆಲವರು ಕೇಳಬಹುದು. ಗಡಿನಾಡಿನ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಪೇಟೆಯಲ್ಲಿ ತೆಲುಗು, ವೈದ್ಯರ ಚೀಟಿ ಇಂಗ್ಲಿಷು. ಈ ಮೂರನ್ನೂ ಓದಬಲ್ಲವರು ಅನೇಕ ವೇಳೆ ಮನೆಯ ಮಕ್ಕಳೇ. ತಾತನ ಚೀಟಿಯನ್ನು ಮೊಮ್ಮಗಳು ಓದುವಾಗ, ಆ ಮಾತ್ರೆ ಏನು ಮಾಡುತ್ತದೆಂಬುದು ಅವಳಿಗೆ ಗೊತ್ತಿರುವುದು ಒಳ್ಳೆಯದಲ್ಲವೆ? "ಡಾಕ್ಟರು ಹೇಳಿದ್ದಾರೆ" ಎಂಬ ಮಾತಿಗಿಂತ "ಇಂಥ ಕಾರಣಕ್ಕೆ ಬಿಡಬಾರದು, ತಾತ" ಎಂಬ ಮಾತಿಗೆ ಬೆಲೆ ಹೆಚ್ಚು.

ಹಣದ ಅಡಚಣೆಯೂ ಸುಳ್ಳಲ್ಲ. ಕೂಲಿ ಸಿಗದ ವಾರದಲ್ಲಿ ಮಾತ್ರೆಯೇ ಮೊದಲು ನಿಲ್ಲುತ್ತದೆ. ಆದರೆ ರಕ್ತದೊತ್ತಡದ ಮಾತ್ರೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮುಗಿಯುವ ನಾಲ್ಕು ದಿನ ಮೊದಲೇ ಹೋಗಿ ತರಬೇಕು. ಬಿಡಲೇಬೇಕಾದರೆ ವೈದ್ಯರನ್ನು ಕೇಳಿ, ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕು.

ವಿದ್ಯಾರ್ಥಿಮಿತ್ರರೇ, ಈ ಪಾಠಕ್ಕೆ ಅಂಕಗಳಿಲ್ಲ. ಆದರೂ ಇಂದು ಸಂಜೆ ಮನೆಗೆ ಹೋದಾಗ ಹಿರಿಯರ ಮಾತ್ರೆಗಳ ಹೆಸರನ್ನೊಮ್ಮೆ ಓದಿ. ಎಷ್ಟು ದಿನಕ್ಕೆ ಉಳಿದಿವೆಯೆಂದು ಎಣಿಸಿ. ಕಲಿತ ವಿದ್ಯೆ ಮನೆಗೆ ಉಪಯೋಗಕ್ಕೆ ಬಂದರೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.