ಜಾಣನೆಂಬ ಬಿರುದು

30 ವರ್ಷ ತರಗತಿಯಲ್ಲಿ ‘ಜಾಣ’ ಎಂಬ ಮಾತನ್ನು ಧಾರಾಳವಾಗಿ ಹಂಚಿದವನು ನಾನು. ಹಾಗೆ ಕರೆಸಿಕೊಂಡ ಶಿಷ್ಯನೊಬ್ಬ ಗಣಿತದಲ್ಲಿ ಮೊದಲ ಬಾರಿ ಎಡವಿದಾಗ, ಅಂಕಪಟ್ಟಿಗೆ ತಂದೆಯ ಸಹಿಯನ್ನು ತಾನೇ ಹಾಕಿ ತಂದ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಸೋಲಲಾರದ ಸಂಕಟಕ್ಕೆ ಅವನನ್ನು ತಂದವರು ಯಾರೆಂದು ಯೋಚಿಸಲಿಲ್ಲ.

ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಿವೃತ್ತಿಯ ಬಳಿಕ ಓದಿದೆ. ಐದನೆಯ ತರಗತಿಯ ಮಕ್ಕಳಲ್ಲಿ ಬುದ್ಧಿವಂತರೆಂದು ಹೊಗಳಿಸಿಕೊಂಡವರು ಸುಲಭದ ಸಮಸ್ಯೆಗಳತ್ತಲೇ ವಾಲಿದರು. ಸೋತ ಮೇಲೆ ಅವರಲ್ಲಿ ಸುಮಾರು ಶೇ. 40 ಮಂದಿ ತಮ್ಮ ಅಂಕಗಳ ಬಗ್ಗೆ ಸುಳ್ಳು ಹೇಳಿದರು. ಶ್ರಮವನ್ನು ಹೊಗಳಿದಲ್ಲಿ ಹೀಗಾದದ್ದು ತೀರ ಕಡಿಮೆ.

ಈಗ ಮೊಮ್ಮಗಳಿಗೆ ‘ಹೇಗೆ ಬಿಡಿಸಿದೆ, ಪುಟ್ಟಿ?’ ಎನ್ನುತ್ತೇನೆ. ಆ ಶಿಷ್ಯ ಇದನ್ನು ಓದುತ್ತಿದ್ದರೆ ಎರಡು ಸಾಲು ಬರೆಯಲಿ. ನಾನು ಕ್ಷಮೆ ಕೇಳುವುದಿದೆ.