ನೆಗೆಟಿವುಗಳನ್ನು ಗುಜರಿಗೆ ಹಾಕಬಾರದು

ನಮ್ಮ ಊರುಗಳ ಹಳೆಯ ಸ್ಟುಡಿಯೋಗಳು ಕತ್ತಲಕೋಣೆಗಳನ್ನು ಮುಚ್ಚಿ, ಸ್ಕ್ಯಾನರನ್ನೂ ಇಂಕ್‌ಜೆಟ್ ಮುದ್ರಣಯಂತ್ರವನ್ನೂ ಆಶ್ರಯಿಸಿದುದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿ, ‘ಇಂದು’ ಎಂಬ ಹೆಸರಿನಿಂದ ಫಿಲ್ಮನ್ನೂ ಬ್ರೋಮೈಡ್ ಕಾಗದವನ್ನೂ ಒದಗಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೇ ಬಾಗಿಲು ಮುಚ್ಚಿದ ಮೇಲೆ, ಪರದೇಶದ ದುಬಾರಿ ಕಾಗದವನ್ನು ತರಿಸಿ ಹಳೆಯ ಕ್ರಮದಲ್ಲಿಯೇ ಪಟಗಳನ್ನು ಅಚ್ಚುಹಾಕೆಂದು ಸಣ್ಣ ಊರಿನ ಛಾಯಾಗ್ರಾಹಕನಿಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ನನ್ನ ಆತಂಕವಿರುವುದು ಬೇರೊಂದು ಸಂಗತಿಯಲ್ಲಿ: ಸ್ಕ್ಯಾನ್ ಆದೊಡನೆ ನೆಗೆಟಿವಿನ ಪ್ರಯೋಜನ ತೀರಿತೆಂದು ಬಗೆದು, ಎರಡು ಮೂರು ತಲೆಮಾರುಗಳ ಮುಖಗಳು ಅಡಗಿರುವ ಪೆಟ್ಟಿಗೆಗಳನ್ನು ಗುಜರಿಯವರಿಗೆ ಕೊಟ್ಟುಬಿಡುವುದು ಸರ್ವಥಾ ತಪ್ಪು. ಬೆಳೆ ಕೈಗೆ ಬಂದಿತೆಂದು ಬಿತ್ತನೆಯ ಬೀಜವನ್ನೂ ಮಾರಿಕೊಳ್ಳುವಂತಹ ಅವಿವೇಕವಿದು.

ಕತ್ತಲಕೋಣೆಯಲ್ಲಿ ನುರಿತವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ಎನ್‌ಲಾರ್ಜರಿನಿಂದ ಇಳಿಯುವ ಬೆಳಕನ್ನು, ಮುಖದ ಭಾಗವು ಕಪ್ಪೇರದಂತೆ ಅಂಗೈಯ ನೆರಳಿನಿಂದ ಕ್ಷಣಕಾಲ ತಡೆದು, ಬಿಳಿಚಿಕೊಂಡ ಆಕಾಶದ ಭಾಗಕ್ಕೆ ಇನ್ನೂ ಕೆಲವು ಸೆಕೆಂಡು ಅದೇ ಬೆಳಕನ್ನು ಉಣಿಸಿ, ಡೆವಲಪರಿನಲ್ಲಿ ಮೂಡಿದ ಚಿತ್ರವನ್ನು ಹೈಪೋ ದ್ರಾವಣದಲ್ಲಿ ಸ್ಥಿರಗೊಳಿಸುವವನು, ಒಂದೇ ನೆಗೆಟಿವಿನಿಂದ ಬೆಳಿಗ್ಗೆ ಒಂದು ಭಾವದ, ಸಂಜೆ ಇನ್ನೊಂದು ಭಾವದ ಚಿತ್ರವನ್ನು ತೆಗೆಯಬಲ್ಲವನಾಗಿದ್ದನು. ಸಂಡೂರಿನ ಎಂ. ವೈ. ಘೋರ್ಪಡೆಯವರೂ ಬೆಂಗಳೂರಿನ ಟಿ. ಎನ್. ಎ. ಪೆರುಮಾಳರೂ ಕಪ್ಪುಬಿಳುಪಿನಲ್ಲಿ ಸಾಧಿಸಿದ ವನ್ಯಜೀವಿಚಿತ್ರಗಳ ಗಾಂಭೀರ್ಯವನ್ನು ಬಲ್ಲವರು, ನೆರಳಿನೊಳಗಿನ ನೆರಳನ್ನು ಎಷ್ಟು ಉಳಿಸಬೇಕು ಎಂಬ ಆ ವಿವೇಚನೆಗೆ ಕಲೆಯೆಂಬ ಹೆಸರೇ ಸಲ್ಲತಕ್ಕದ್ದೆಂದು ಒಪ್ಪುವರು. ಸ್ಕ್ಯಾನರು ಮಾಡುವುದಾದರೂ ಇಂತಹ ಅನೇಕ ಓದುಗಳಲ್ಲಿ ಒಂದನ್ನು ಮಾತ್ರ.

ಆ ಓದಿನ ಮಿತಿ ಎಷ್ಟೆಂಬುದನ್ನೂ ನೋಡಬೇಕು. 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ಚೌಕಟ್ಟನ್ನು ಅಂಗುಲಕ್ಕೆ 4000 ಬಿಂದುಗಳಂತೆ ಓದಿಸಿದರೆ ಸುಮಾರು 2 ಕೋಟಿ ಬಿಂದುಗಳು ದೊರೆಯುತ್ತವೆ. ಅವಸರದ ಕೆಲಸದಲ್ಲಿ ಅದರ ಕಾಲುಭಾಗಕ್ಕೂ ತೃಪ್ತರಾಗಿ, ಬೆಳಕು ನೆರಳುಗಳ ನಿರ್ಣಯವನ್ನು ಯಂತ್ರಕ್ಕೇ ಬಿಟ್ಟು, ಫಲವನ್ನು ಜೆಪೆಗ್ ಕಡತವಾಗಿ ಉಳಿಸಿದಾಗ, ಕಪ್ಪಿನಿಂದ ಬಿಳುಪಿನವರೆಗಿನ ಸಮಸ್ತ ಛಾಯೆಗಳೂ 256 ಮೆಟ್ಟಿಲುಗಳಿಗೆ ಇಳಿದುಬಿಡುತ್ತವೆ. ಧೂಳನ್ನೂ ಗೀರನ್ನೂ ಅವಕೆಂಪು ಕಿರಣದಿಂದ ಗುರುತಿಸಿ ತಾನಾಗಿ ಅಳಿಸುವ ಸೌಕರ್ಯ ಕೆಲವು ಸ್ಕ್ಯಾನರುಗಳಲ್ಲುಂಟು. ಆದರೆ ಕಪ್ಪುಬಿಳುಪು ಫಿಲ್ಮಿನ ಬೆಳ್ಳಿಯ ಕಣಗಳು ಆ ಕಿರಣವನ್ನೂ ತಡೆಯುವುದರಿಂದ, ಚಿತ್ರವಾವುದು ಧೂಳಾವುದು ಎಂಬ ಭೇದವೇ ಅದಕ್ಕೆ ತಿಳಿಯದು. ನಮ್ಮ ಅಜ್ಜಿಯರ ಚಿತ್ರಗಳಿಗೆ ಮೃದುವಾದ ಕುಂಚವೂ ತಾಳ್ಮೆಯುಳ್ಳ ಕೈಯೂ ಈಗಲೂ ಬೇಕು. ಇಂದು ಅರೆಮನಸ್ಸಿನಿಂದ ಓದಿದುದನ್ನು ನಾಳೆ ಉತ್ತಮವಾದ ಯಂತ್ರದಿಂದ ಮತ್ತೊಮ್ಮೆ ಓದಿಸಬೇಕಾದರೆ, ಮೂಲವು ಉಳಿದಿರಬೇಡವೆ?

ಉಳಿಸುವುದೂ ಸುಲಭವಲ್ಲವೆಂಬುದು ನಿಜ. ಕರಾವಳಿಯ ತೇವದಲ್ಲಿ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ಸೆಕೆಯಲ್ಲಿ ಅಸಿಟೇಟ್ ಫಿಲ್ಮು ವಿನೆಗರಿನ ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಆದರೂ ಆಮ್ಲರಹಿತ ಕಾಗದದ ಲಕೋಟೆ, ತಂಪಾದ ಒಣ ಕೊಠಡಿ, ಉಕ್ಕಿನ ಬೀರು, ಇಷ್ಟನ್ನು ಏರ್ಪಡಿಸುವುದು ಒಂದು ಸರ್ಕಾರಕ್ಕೆ ಮೀರಿದ ವೆಚ್ಚವೇನಲ್ಲ. ತಾಳೆಗರಿಯ ಗ್ರಂಥಗಳಿಗೂ ದಫ್ತರಗಳಿಗೂ ಸಲ್ಲುವ ಗೌರವ, ನಾಡಿನ ಜಾತ್ರೆಗಳನ್ನೂ ಶಾಲೆಗಳ ಗುಂಪುಚಿತ್ರಗಳನ್ನೂ ಇಂದು ಕಣ್ಮರೆಯಾಗಿರುವ ಬೀದಿಗಳನ್ನೂ ಹಿಡಿದಿಟ್ಟ ಈ ಸುರುಳಿಗಳಿಗೂ ಸಲ್ಲಬೇಕಾದುದರಿಂದ, ಮುಚ್ಚುತ್ತಿರುವ ಸ್ಟುಡಿಯೋಗಳ ಸಂಗ್ರಹಗಳನ್ನು ರಾಜ್ಯ ಪತ್ರಾಗಾರವು ಜಿಲ್ಲೆಗೊಂದರಂತೆ ಕೇಂದ್ರಗಳನ್ನು ತೆರೆದು ಸ್ವೀಕರಿಸತಕ್ಕದ್ದು; ಸ್ವೀಕರಿಸುವಾಗಲೇ ಊರು, ವರ್ಷ, ಚಿತ್ರದಲ್ಲಿರುವವರ ಹೆಸರುಗಳನ್ನು, ಅವುಗಳನ್ನು ಬಲ್ಲ ವೃದ್ಧ ಛಾಯಾಗ್ರಾಹಕರ ಬಾಯಿಂದಲೇ ಕೇಳಿ ಬರೆದುಕೊಳ್ಳತಕ್ಕದ್ದು.