ಎಪ್‌ವರ್ತ್ ಗ್ರಾಮದ ಒಂದು ತುಂಬಿದ ಮನೆ

ಅಡಿಗೆಯ ಮನೆಯಲ್ಲಿ ಆಳುಕಾಳುಗಳು ಊಟಕ್ಕೆ ಕುಳಿತಿರುವ ಹೊತ್ತಿನಲ್ಲಿ ಮನೆಯ ಮಕ್ಕಳಾರೂ ಅತ್ತ ಸುಳಿಯಕೂಡದು. ಸುಳಿದು, ಇದು ಕೊಡು ಅದು ಕೊಡು ಎಂದು ಕೇಳಕೂಡದು. ಕೇಳಿದುದು ತಾಯಿಗೆ ತಿಳಿದರೆ ಮಗುವಿಗೆ ಏಟು ತಪ್ಪದು. ಸುಮ್ಮನಿದ್ದ ಆಳಿಗೂ ಬೈಗುಳು ತಪ್ಪದು. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಸಣ್ಣ ಊರಿನ ಪಾದ್ರಿಯ ಮನೆಯಲ್ಲಿ ಇದು ನಿತ್ಯದ ಕಟ್ಟಳೆಯಾಗಿದ್ದಿತು. ದುಡಿದು ದಣಿದವನು ತುತ್ತು ಬಾಯಿಗಿಡುವಾಗ ಎಬ್ಬಿಸಬಾರದೆಂಬುದು ಎಲ್ಲರೂ ಒಪ್ಪುವ ಮಾತೇ. ಆದರೆ ಒಡೆಯರ ಮಕ್ಕಳಿಗೆ ಅದನ್ನು ಕಲಿಸುವ ತಾಯಂದಿರು ಆ ದೇಶದಲ್ಲಿಯೂ ಅಂದು ಹೆಚ್ಚಾಗಿ ಇದ್ದಿರಲಾರರು. ಈ ದೇಶದಲ್ಲಿ ಇಂದೂ ಎಷ್ಟು ಮಂದಿ ಇರುವರೋ ಲೆಕ್ಕ ಹಾಕಿ ನೋಡಬೇಕು.

ಆ ಪಾದ್ರಿಯ ಹೆಸರು ಸ್ಯಾಮ್ಯುಯೆಲ್ ವೆಸ್ಲಿ. ಮನೆಯೊಡತಿ ಸುಸಾನಾ ವೆಸ್ಲಿ. ಮೆಥಾಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯೂ, ಸಾವಿರಾರು ಸ್ತೋತ್ರಗೀತೆಗಳನ್ನು ರಚಿಸಿದ ಚಾರ್ಲ್ಸ್ ವೆಸ್ಲಿಯೂ ಆಕೆಯ ಮಕ್ಕಳು. ವೆಸ್ಲಿ ಎಂಬ ಹೆಸರು ಕನ್ನಡಿಗರಿಗೆ ಹೊಸದೇನೂ ಅಲ್ಲ. ಹಳೆಯ ಕನ್ನಡ ಪುಸ್ತಕಗಳ ಮೊದಲ ಪುಟಗಳನ್ನು ತಿರುವಿದವರು ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದ ಹೆಸರನ್ನು ಅಲ್ಲಿ ಎಷ್ಟೋ ಸಲ ಕಂಡಿರುತ್ತಾರೆ. ಆ ಹೆಸರಿನ ಹಿಂದೆ ನಿಂತ ತಾಯಿಯ ಪರಿಚಯ ಮಾತ್ರ ಇಲ್ಲಿ ಅಷ್ಟಾಗಿ ಆಗಿಲ್ಲ. 1669ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1688ರಲ್ಲಿ ಮದುವೆಯಾಗಿ, ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಒಂಬತ್ತನ್ನು ಎಳವೆಯಲ್ಲಿಯೇ ಮಣ್ಣಿಗೊಪ್ಪಿಸಿ, ಉಳಿದ ಏಳು ಹೆಣ್ಣು ಮೂರು ಗಂಡುಗಳನ್ನು ಬೆಳೆಸಿದ ಹೆಂಗಸು ಆಕೆ. ಗಂಡ ವಿದ್ವಾಂಸನೇನೋ ಅಹುದು. ಆದರೆ ಹಣ ಆತನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. 1705ರಲ್ಲಿ ಸಾಲ ತೀರಿಸಲಾರದೆ ಲಿಂಕನ್ ಕೋಟೆಯ ಸೆರೆಮನೆಯನ್ನೂ ಕಂಡು ಬಂದನು. ಬಡತನ, ಬಾಣಂತಿತನ, ಸಾವು ಇವು ಮೂರೂ ಬಿಡದೆ ಸುತ್ತಿಕೊಂಡಿದ್ದ ಆ ಮನೆಯಲ್ಲಿ ಮಕ್ಕಳು ಹೇಗೆ ನಡೆದುಕೊಳ್ಳಬೇಕೆಂದು ಆಕೆ ಕಟ್ಟಳೆಗಳನ್ನು ಮಾಡಿದಳು. ತಾನು ಬದುಕಿರುವಾಗಲೇ, 1732ರ ಜುಲೈ 24ರಂದು, ಮಗ ಜಾನನ ಕೋರಿಕೆಯ ಮೇರೆಗೆ ಅವನ್ನೆಲ್ಲ ಒಂದು ದೀರ್ಘಪತ್ರದಲ್ಲಿ ಬರೆದು ಕಳುಹಿಸಿದಳು. 1742ರಲ್ಲಿ ತಾಯಿ ತೀರಿಕೊಂಡುದನ್ನು ಬರೆಯುವ ಸಂದರ್ಭದಲ್ಲಿ ಜಾನನು ಆ ಪತ್ರವನ್ನು ತನ್ನ ದಿನಚರಿಯೊಳಕ್ಕೆ ಸೇರಿಸಿದ್ದರಿಂದ ಅದು ಉಳಿದು ಬಂದಿದೆ.

ಪತ್ರದಲ್ಲಿ ದೇವರ ಹೆಸರು ಬರುತ್ತದೆ, ಪ್ರಾರ್ಥನೆಯ ಮಾತು ಬರುತ್ತದೆ. ಮಾತು ಬಾರದ ಹಸುಳೆಗಳೂ ಮನೆಯ ಪ್ರಾರ್ಥನೆ ಮುಗಿದೊಡನೆ ಸನ್ನೆಯಿಂದಲೇ ಆಶೀರ್ವಾದ ಬೇಡುವುದನ್ನು ಕಲಿಯುತ್ತಿದ್ದವು. ಆದರೆ ಓದುವವರ ಮನಸ್ಸಿನಲ್ಲಿ ನಿಲ್ಲುವುದು ಊಟದ ಮೇಜು, ಅಡಿಗೆಯ ಮನೆ, ಮಲಗುವ ಕೋಣೆ ಇವುಗಳ ಕಟ್ಟಳೆಗಳು. ಕತ್ತಿ ಮುಳ್ಳುಗಳನ್ನು ಹಿಡಿಯಬಲ್ಲಷ್ಟು ದೊಡ್ಡವರಾಗುವವರೆಗೆ ಮಕ್ಕಳಿಗೆ ದೊಡ್ಡವರ ಮೇಜಿನ ಪಕ್ಕದಲ್ಲಿಯೇ ಬೇರೊಂದು ಪುಟ್ಟ ಮೇಜು. ಏನಾದರೂ ಬೇಕೆನಿಸಿದರೆ ಕೂಗಿ ಕೇಳುವಂತಿಲ್ಲ. ನೋಡಿಕೊಳ್ಳುವ ಸೇವಕಿಯ ಕಿವಿಯಲ್ಲಿ ಮೆಲ್ಲನೆ ಹೇಳಬೇಕು, ಆಕೆ ಬಂದು ತಾಯಿಗೆ ಹೇಳುವಳು. ಸೇವಕರನ್ನು ಏನು ಕೇಳುವುದಾದರೂ ದಯವಿಟ್ಟು ಎಂಬರ್ಥದ ಮಾತು ಮೊದಲು ಬರಲೇಬೇಕು. ಮಗು ಅದನ್ನು ಮರೆತು ಕೇಳಿದಾಗ ಸೇವಕಿ ಸುಮ್ಮನೆ ಕೊಟ್ಟುಬಿಟ್ಟರೆ, ಹಾಗೆ ಬಿಟ್ಟುದಕ್ಕೆ ಸೇವಕಿಯೂ ಒಡತಿಯಿಂದ ಮಾತು ಕೇಳಬೇಕಾಗಿದ್ದಿತು. ಎಂದರೆ, ತನಗೆ ಸಲ್ಲಬೇಕಾದ ಮರ್ಯಾದೆಯನ್ನು ಬಿಟ್ಟುಕೊಡುವ ಅಧಿಕಾರ ಸೇವಕಿಗೂ ಇರಲಿಲ್ಲ!

ಇನ್ನೊಂದು ಕಟ್ಟಳೆ. ಮಕ್ಕಳು ಒಬ್ಬರನ್ನೊಬ್ಬರು ಬರಿಯ ಹೆಸರಿನಿಂದ ಕೂಗುವಂತಿರಲಿಲ್ಲ. ಹೆಸರಿನೊಡನೆ ಸೋದರ ಅಥವಾ ಸೋದರಿ ಎಂಬ ಮಾತು ಸೇರಬೇಕು. ಕನ್ನಡದ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಅಣ್ಣ, ಅಕ್ಕ ಎಂದು ಕರೆಯದೆ ಹಿರಿಯರನ್ನು ಹೆಸರು ಹಿಡಿದು ಕೂಗುವ ಮಗುವಿಗೆ ಅಜ್ಜಿಯ ಗದರಿಕೆ ಇಲ್ಲಿ ತಲೆಮಾರುಗಳಿಂದಲೂ ಇದ್ದುದೇ. ಆದರೆ ಎಪ್‌ವರ್ತಿನ ಕಟ್ಟಳೆಯಲ್ಲಿ ಒಂದು ವಿಶೇಷವುಂಟು: ಅಲ್ಲಿ ಕಿರಿಯನು ಹಿರಿಯನಿಗೆ ತೋರಿಸಿದಷ್ಟೇ ಮನ್ನಣೆಯನ್ನು ಹಿರಿಯನೂ ಕಿರಿಯನಿಗೆ ತೋರಿಸಬೇಕಾಗಿದ್ದಿತು. ಇಲ್ಲಿಯಾದರೋ ಗೌರವವು ಬೆಟ್ಟದ ಮೇಲಿನಿಂದ ಹರಿಯುವ ನೀರಿನ ಹಾಗಲ್ಲ, ಕೆಳಗಿನಿಂದ ಮೇಲಕ್ಕೆ ಮಾತ್ರ ಏರುವ ಹೊಗೆಯ ಹಾಗೆ. ಅಣ್ಣನಿಗೆ ಬಹುವಚನ ಹೇಳುವ ಮಗುವೇ, ಅಜ್ಜನ ವಯಸ್ಸಿನ ಆಳನ್ನು ಏಕವಚನದಲ್ಲಿ ಕೂಗುತ್ತದೆ. ಮುಸುರೆ ತಿಕ್ಕುವ ಮುದುಕಿಯನ್ನು ‘ಏ, ಬಾರೇ’ ಎನ್ನುತ್ತದೆ. ಹಾಗೆಂದಾಗ ಹೆತ್ತವರಿಗೆ ಅದು ಮುದ್ದುಮಾತಾಗಿ ಕೇಳುತ್ತದೆ. ಏಕವಚನ ಬಹುವಚನಗಳ ಭೇದವೇ ಇಲ್ಲವಾಗುತ್ತಿದ್ದ ಭಾಷೆಯ ನಾಡಿನಲ್ಲಿ ಒಬ್ಬ ತಾಯಿ ಆ ಕೊರತೆಯನ್ನು ಕಟ್ಟಳೆಯಿಂದ ತುಂಬಿಕೊಟ್ಟಳು. ಕನ್ನಡವು ತಾನಾಗಿಯೇ ಕೊಟ್ಟಿರುವ ಸೌಕರ್ಯವನ್ನು ಆಳಿನ ಎದುರಿಗೆ ಉಪಯೋಗಿಸದಿರುವುದು ಭಾಷೆಯ ತಪ್ಪಲ್ಲ.

ಆಸ್ತಿಯ ವಿಷಯದಲ್ಲಿಯೂ ಆಕೆಯ ನ್ಯಾಯ ಬಿಗಿಯಾದುದು. ಒಬ್ಬರ ವಸ್ತುವನ್ನು, ಅದು ಒಂದು ಗುಂಡುಸೂಜಿಯ ಬೆಲೆಯದೇ ಆಗಿರಲಿ, ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮುಟ್ಟಬಾರದು. ಹತ್ತು ಮಕ್ಕಳಿರುವ ಬಡವರ ಮನೆಯಲ್ಲಿ ಈ ಕಟ್ಟಳೆ ನಡೆದುದು ಸೋಜಿಗವೇ. ಕೊಡುವೆನೆಂದು ಹೇಳಿದುದನ್ನು ಕೊಡಲೇಬೇಕು. ಕೊಟ್ಟುದನ್ನು ಹಿಂದಕ್ಕೆ ಕೇಳಬಾರದು. ತಪ್ಪು ಮಾಡಿದ ಮಗು ಇದ್ದುದನ್ನು ಇದ್ದ ಹಾಗೆ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದು ಮಾತು ಕೊಟ್ಟರೆ ಅದಕ್ಕೆ ಏಟಿಲ್ಲ. ಮಕ್ಕಳು ಸುಳ್ಳು ಹೇಳುವುದು ಬಹುಮಟ್ಟಿಗೆ ಏಟಿನ ಅಂಜಿಕೆಯಿಂದಲೇ ಎಂಬುದನ್ನು ಆಕೆ ಕಂಡುಕೊಂಡಿದ್ದಳು. ಒಂದು ತಪ್ಪಿಗೆ ಒಂದೇ ಸಲ ಗದರಿಕೆ. ತೀರಿದ ಮೇಲೆ ಮತ್ತೆ ಅದನ್ನು ಎತ್ತಿ ಆಡಬಾರದು. ಹಳೆಯ ತಪ್ಪನ್ನು ನೆಂಟರಿಷ್ಟರ ಎದುರಿಗೆಲ್ಲ ಹೇಳಿ ನಗುವ ತಂದೆತಾಯಿಗಳು ಈ ಒಂದು ಕಟ್ಟಳೆಯನ್ನಾದರೂ ಬರೆದಿಟ್ಟುಕೊಳ್ಳಬಹುದು. ತಾಯಿಯನ್ನು ಸಂತೋಷಪಡಿಸಬೇಕೆಂದು ಮಗು ಏನನ್ನೋ ಮಾಡಹೊರಟು ಅದು ಕೆಟ್ಟರೆ, ಕೆಟ್ಟ ಕೆಲಸವನ್ನು ನೋಡದೆ ಮನಸ್ಸನ್ನು ನೋಡಿ ಒಪ್ಪಿಸಿಕೊಂಡು, ಮುಂದೆ ಹೇಗೆ ಮಾಡಬೇಕೆಂದು ಮೃದುವಾಗಿ ಹೇಳಿಕೊಡಬೇಕು. ಕೊನೆಯದಾಗಿ, ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗುವನ್ನೂ ಹೊಲಿಗೆ ಕೆಲಸಗಳಿಗೆ ಹಚ್ಚಬಾರದು. ಮೂರು ಶತಮಾನಗಳ ಹಿಂದೆ ಬರೆದ ಮಾತು ಇದು.

ಇಷ್ಟನ್ನು ಹೇಳಿದ ಮೇಲೆ ಪತ್ರದ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಮಕ್ಕಳ ಮನಸ್ಸನ್ನು ಪಳಗಿಸುವುದಕ್ಕೆ ಮೊದಲು ಅವರ ಸ್ವಂತ ಇಚ್ಛೆಯನ್ನು ಗೆಲ್ಲಬೇಕೆಂಬುದು ಸುಸಾನಾಳ ದೃಢವಾದ ನಂಬಿಕೆ. ವರ್ಷ ತುಂಬುವ ವೇಳೆಗೆ, ಕೆಲವರಿಗೆ ಅದಕ್ಕೂ ಮುಂಚೆಯೇ, ಬೆತ್ತದ ಭಯವನ್ನು ಕಲಿಸಿ ದನಿಯೆತ್ತದೆ ಅಳುವುದನ್ನು ರೂಢಿಮಾಡಿಸುತ್ತಿದ್ದಳು. ಅದರಿಂದ ಮನೆಯಲ್ಲಿ ಮಗುವೇ ಇಲ್ಲವೇನೋ ಎಂಬಷ್ಟು ನಿಶ್ಶಬ್ದ ನೆಲಸಿದ್ದಿತೆಂದು ಆಕೆ ತೃಪ್ತಿಯಿಂದ ಬರೆಯುತ್ತಾಳೆ. ಆ ನಿಶ್ಶಬ್ದವನ್ನು ಓದುವಾಗ ಇಂದಿನವರಿಗೆ ತೃಪ್ತಿಯಾಗುವುದಿಲ್ಲ. ಒಂದು ವರ್ಷದ ಕೂಸು ಗಟ್ಟಿಯಾಗಿ ಅಳಬಾರದೆಂದರೆ ಅದಕ್ಕೆ ಇನ್ನಾವ ಭಾಷೆಯಿದೆ? ಆ ಕಾಲದ ಇಂಗ್ಲೆಂಡಿನಲ್ಲಿ ಬೆತ್ತವಿಲ್ಲದ ಮನೆ ಅಪೂರ್ವವಾಗಿತ್ತೆಂದು ಸಮಾಧಾನ ಹೇಳಬಹುದು. ಆದರೆ ಆಳಿನ ಊಟದ ಹೊತ್ತಿಗೆ ಅಷ್ಟು ಮರುಗಿದ ತಾಯಿ ತೊಟ್ಟಿಲ ಅಳುವಿಗೆ ಅಷ್ಟು ಗಟ್ಟಿಯಾದಳಲ್ಲ ಎಂಬ ನೋವು ಆ ಸಮಾಧಾನದಿಂದ ಹೋಗುವುದಿಲ್ಲ. ಮಗ ಜಾನನು ಈ ಗಟ್ಟಿತನವನ್ನೇ ಹೆಚ್ಚಾಗಿ ಹಿಡಿದುಕೊಂಡನು. 1748ರಲ್ಲಿ ಆತನು ಕಿಂಗ್ಸ್‌ವುಡ್ಡಿನಲ್ಲಿ ಸ್ಥಾಪಿಸಿದ ಶಾಲೆಯ ಹುಡುಗರು ಬೆಳಗಿನ ನಾಲ್ಕು ಗಂಟೆಗೆ ಏಳಬೇಕು, ಆಟವೆಂಬುದೇ ಇಲ್ಲ. ಆತನಿಗೆ ಸ್ವಂತ ಮಕ್ಕಳಿರಲಿಲ್ಲ.

1709ರ ಫೆಬ್ರವರಿ ತಿಂಗಳ ಒಂದು ರಾತ್ರಿ ಪಾದ್ರಿಯ ಮನೆಗೆ ಬೆಂಕಿ ಬಿದ್ದಿತು. ಐದು ವರ್ಷದ ಜಾನನೊಬ್ಬನು ಮೇಲಿನ ಕೋಣೆಯಲ್ಲಿ ಸಿಕ್ಕಿಕೊಂಡನು. ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತು ಕಿಟಕಿಯಿಂದ ಅವನನ್ನು ಎಳೆದುಕೊಂಡ ಕಥೆ ಪ್ರಸಿದ್ಧವಾದುದು. ಅಷ್ಟು ಪ್ರಸಿದ್ಧವಾಗದ ಕಥೆಯೆಂದರೆ ಅನಂತರದ್ದು. ಮನೆ ಸುಟ್ಟುದರಿಂದ ಮಕ್ಕಳನ್ನು ಬೇರೆ ಬೇರೆ ಮನೆಗಳಲ್ಲಿ ಇರಿಸಬೇಕಾಯಿತು. ಹೊಸ ಮನೆಯೆದ್ದು ಎಲ್ಲರೂ ಮತ್ತೆ ಒಂದಾಗುವ ವೇಳೆಗೆ ಮಕ್ಕಳ ನುಡಿ ಒರಟಾಗಿದ್ದಿತು, ನಡೆ ಕೆಟ್ಟಿದ್ದಿತು. ವರ್ಷಗಟ್ಟಲೆ ಕಟ್ಟಿದುದು ತಿಂಗಳುಗಳಲ್ಲಿ ಕರಗಿ ಹೋದುದನ್ನು ಆಕೆ ಮರೆಮಾಚದೆ ಬರೆದಿದ್ದಾಳೆ. ಬೆತ್ತದಿಂದ ಬಂದ ಶಿಸ್ತು ಬೆತ್ತ ಹಿಡಿದವರು ಮರೆಯಾದೊಡನೆ ಮರೆಯಾಯಿತೇ ಎಂಬ ಪ್ರಶ್ನೆ ಆಕೆಗೆ ಹೊಳೆಯಿತೋ ಇಲ್ಲವೋ. ಪತ್ರವು ಅದನ್ನು ಹೇಳುವುದಿಲ್ಲ.

ಆದರೆ ಬೆಂಕಿಯ ಅನಂತರದ ವರ್ಷಗಳಲ್ಲಿ ಆಕೆ ಇನ್ನೊಂದು ಪದ್ಧತಿಯನ್ನು ಹಿಡಿದಳು. ಪ್ರತಿ ಸಂಜೆ ಒಂದೊಂದು ಮಗುವಿಗೆ ಮೀಸಲು. ಅಂದು ಆ ಮಗುವಿನೊಡನೆ ಬೇರಾರೂ ಇಲ್ಲದಂತೆ ಕುಳಿತು ಮಾತನಾಡುವುದು. ಅದರ ಸಂದೇಹವನ್ನು, ದುಃಖವನ್ನು, ಆಸೆಯನ್ನು ಕೇಳುವುದು. ಮಂಗಳವಾರ ಹೆಟ್ಟಿಗೆ, ಗುರುವಾರ ಜಾನನಿಗೆ, ಶನಿವಾರ ಚಾರ್ಲ್ಸನಿಗೆ. ತುಂಬಿದ ಮನೆಯಲ್ಲಿ ಒಂದು ಮಗುವಿಗೆ ತಾಯಿ ಪೂರ್ತಿಯಾಗಿ ದೊರೆಯುವುದೆಂದರೆ ಅದೆಂತಹ ಭಾಗ್ಯ! ಜಾನನು ಬೆಳೆದು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾದ ಮೇಲೆಯೂ ಆ ಗುರುವಾರದ ಸಂಜೆಯನ್ನು ಮರೆಯದೆ, ಆ ಹೊತ್ತಿನಲ್ಲಿ ತನ್ನನ್ನು ನೆನೆಯಬೇಕೆಂದು ತಾಯಿಗೆ ಬರೆದು ಬೇಡಿಕೊಂಡನು. ಇತರರ ಮಾತನ್ನು ತಾಳ್ಮೆಯಿಂದ ಕೇಳಬೇಕೆಂದು ಉಪದೇಶಿಸುವ ಬದಲು ಮಗುವಿನ ಮಾತನ್ನೇ ತಾಳ್ಮೆಯಿಂದ ಕೇಳಿದುದರಲ್ಲಿ, ಎಂಟು ಕಟ್ಟಳೆಗಳಿಗಿಂತ ಹೆಚ್ಚಿನ ಪಾಠವಿದ್ದಿತು.

ಸುಸಾನಾ ಸ್ವತಃ ತಲೆಬಾಗುವ ಹೆಂಗಸೇನೂ ಅಲ್ಲ. 1702ರ ಸುಮಾರಿಗೆ, ಗಂಡನು ಮೂರನೆಯ ವಿಲಿಯಂ ದೊರೆಗಾಗಿ ಮಾಡಿದ ಪ್ರಾರ್ಥನೆಗೆ ಆಕೆ ಆಮೆನ್ ಹೇಳಲಿಲ್ಲ. ಆತನು ನ್ಯಾಯವಾದ ದೊರೆಯಲ್ಲವೆಂಬುದು ಆಕೆಯ ಎಣಿಕೆ. ಗಂಡನಿಗೆ ಸಿಟ್ಟು ಬಂದು ಮನೆ ಬಿಟ್ಟು ಲಂಡನ್ನಿಗೆ ಹೊರಟನು. ಆಕೆ ತಪ್ಪಾಯಿತೆನ್ನಲಿಲ್ಲ. ವಿಲಿಯಂ ಸತ್ತು ಆನ್ ರಾಣಿ ಪಟ್ಟವೇರಿದ ಮೇಲೆ ದಂಪತಿಗಳು ಮತ್ತೆ ಒಂದಾದರು. 1703ರಲ್ಲಿ ಜಾನ್ ಹುಟ್ಟಿದನು. 1711–12ರ ಚಳಿಗಾಲದಲ್ಲಿ ಗಂಡನು ಮತ್ತೆ ಲಂಡನ್ನಿಗೆ ಹೋಗಿದ್ದಾಗ ಭಾನುವಾರದ ಸಂಜೆ ಅಡಿಗೆಯ ಮನೆಯಲ್ಲಿ ಮಕ್ಕಳಿಗೂ ಆಳುಗಳಿಗೂ ಧರ್ಮೋಪದೇಶಗಳನ್ನು ಓದಿ ಹೇಳತೊಡಗಿದಳು. ನೆರೆಯವರು ಬಂದರು, ಅವರ ನೆಂಟರು ಬಂದರು, ಕೊನೆಗೆ ಸುಮಾರು ಇನ್ನೂರು ಮಂದಿಗೆ ಮನೆ ಸಾಲದಾಯಿತು. ಹೆಂಗಸು ಹೀಗೆ ಮಾಡಬಹುದೇ ಎಂಬ ದೂರು ಗಂಡನನ್ನು ಮುಟ್ಟಿತು. ನಿಲ್ಲಿಸಬೇಕೆಂಬ ಇಚ್ಛೆಯಿದ್ದರೆ ಸಾಲದು, ಸ್ಪಷ್ಟವಾದ ಆಜ್ಞೆಯನ್ನೇ ಕಳುಹಿಸಿಕೊಡಬೇಕು, ದೇವರೆದುರಿಗೆ ಆ ಹೊಣೆ ತನ್ನ ಮೇಲಿರಬಾರದು ಎಂದು ಆಕೆ ಉತ್ತರ ಬರೆದಳು. ಆಜ್ಞೆ ಬರಲಿಲ್ಲ. ದೊಡ್ಡ ದನಿಯಿಲ್ಲದೆ, ಒಂದು ಕೆಟ್ಟ ಮಾತಿಲ್ಲದೆ, ಒಪ್ಪದುದನ್ನು ಒಪ್ಪೆನೆಂದು ಹೇಳುವ ಬಗೆಯನ್ನು ಆ ಮನೆಯ ಮಕ್ಕಳು ಕಣ್ಣಾರೆ ಕಂಡರು.

ಅದರ ಬೆಲೆ ಗೊತ್ತಾದುದು ಹೆಟ್ಟಿಯ ವಿಷಯದಲ್ಲಿ. ಮಂಗಳವಾರದ ಸಂಜೆಯ ಆ ಹುಡುಗಿ ಎಲ್ಲರಿಗಿಂತಲೂ ಚುರುಕು. ಚಿಕ್ಕಂದಿನಲ್ಲಿಯೇ ಗ್ರೀಕ್ ಕಲಿತವಳು, ಕವಿತೆ ಬರೆಯುವವಳು. 1725ರಲ್ಲಿ ಒಬ್ಬನನ್ನು ನಂಬಿ ಮನೆ ಬಿಟ್ಟು ಹೋದಳು, ಅವನು ಮದುವೆಯಾಗಲಿಲ್ಲ. ಬಸಿರಿನ ಅವಮಾನವನ್ನು ಮುಚ್ಚಲು ಅದೇ ವರ್ಷ ಆಕೆಯನ್ನು ವಿಲಿಯಂ ರೈಟ್ ಎಂಬ ಕೊಳಾಯಿ ಕೆಲಸದವನಿಗೆ ಕಟ್ಟಿದರು. ಆಕೆಯ ಓದಿಗೂ ಅವನಿಗೂ ಯಾವ ನಂಟೂ ಇರಲಿಲ್ಲ. ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಆಕೆ ಕ್ಷಮೆ ಬೇಡಿ ಬರೆದ ಪತ್ರಗಳಿಗೆ ತಂದೆಯ ಮನಸ್ಸು ಕರಗಲಿಲ್ಲ. ಒಪ್ಪಿಕೊಂಡ ತಪ್ಪಿಗೆ ಏಟಿಲ್ಲವೆಂಬ ಕಟ್ಟಳೆ, ಒಂದು ತಪ್ಪನ್ನು ಎರಡು ಸಲ ಎತ್ತಿ ಆಡಬಾರದೆಂಬ ಕಟ್ಟಳೆ, ಎರಡೂ ಆ ಮನೆಯಲ್ಲಿ ಹುಟ್ಟಿದವೇ. ಮಗಳು ದೊಡ್ಡವಳಾಗಿ ದೊಡ್ಡ ತಪ್ಪು ಮಾಡಿದಾಗ ಅವು ಮನೆಯವರ ನೆನಪಿಗೆ ಬರಲಿಲ್ಲ. ಈ ಸಂಗತಿಯಲ್ಲಿ ತಾಯಿಯೂ ತಂದೆಯ ಕಡೆಗೇ ನಿಂತಳು.

ನೆನಪಾದುದು ತಮ್ಮಂದಿರಿಗೆ. 1726ರ ಬೇಸಗೆಯಲ್ಲಿ ಊರಿಗೆ ಬಂದಿದ್ದ ಜಾನ್, ಇಪ್ಪತ್ತಮೂರು ವರ್ಷದ ಹುಡುಗ, ತಂದೆಯ ಇನ್ನೊಂದು ಇಗರ್ಜಿಯಿದ್ದ ರೂಟ್ ಗ್ರಾಮದಲ್ಲಿ ಉಪದೇಶ ಮಾಡಿದನು. ವಿಷಯ, ತಪ್ಪು ಮಾಡಿದವರಿಗೂ ಸಲ್ಲಬೇಕಾದ ಕರುಣೆ. ಅಕ್ಕನ ಹೆಸರನ್ನು ಎತ್ತಬೇಕಾದ ಅಗತ್ಯವೇನೂ ಇರಲಿಲ್ಲ. ಉಪದೇಶ ಯಾರ ಪರವಾಗಿ, ಯಾರನ್ನು ಕುರಿತು ಎಂಬುದು ತಂದೆಗೆ ತಿಳಿಯಿತು, ಕೋಪವೂ ಬಂದಿತು. 1735ರಲ್ಲಿ ತಂದೆ ತೀರಿಕೊಂಡನು. ಲಂಡನ್ನಿನಲ್ಲಿ ಬಡತನದಲ್ಲಿ, ಕಾಯಿಲೆಯಲ್ಲಿ ದಿನ ಕಳೆದ ಹೆಟ್ಟಿ 1750ರ ಮಾರ್ಚ್ ತಿಂಗಳಲ್ಲಿ ಕೊನೆಯುಸಿರೆಳೆದಳು. ಆ ತಿಂಗಳು ಚಾರ್ಲ್ಸನು ಮತ್ತೆ ಮತ್ತೆ ಅವಳ ಹಾಸಿಗೆಯ ಬಳಿಗೆ ಬಂದು ಪ್ರಾರ್ಥಿಸಿದುದು, ಪ್ರಾಣ ಹೋದ ಕೆಲವೇ ನಿಮಿಷಗಳಲ್ಲಿ ಆ ಮನೆಯ ಬಾಗಿಲಿಗೆ ಬಂದುದು, ದೇಹದ ಹಿಂದೆ ಸಮಾಧಿಯವರೆಗೆ ನಡೆದುದು, ಎಲ್ಲವೂ ಆತನ ದಿನಚರಿಯಲ್ಲಿದೆ. ಅಲ್ಲಿ ಆತನು ಅವಳನ್ನು ಬರಿಯ ಹೆಸರಿನಿಂದ ಬರೆದಿಲ್ಲ. ಸೋದರಿ ಎಂದೇ ಬರೆದಿದ್ದಾನೆ.